ಹಳದಿ ಬಿಟ್ಟು ಬಿಳಿ ತಿಂದ ಕಾಲ

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಮತ್ತಿಕೆರೆಯಲ್ಲಿ ಬಿ.ಪಿ., ಶುಗರ್ ಎಲ್ಲರಿಗೂ ಗೊತ್ತಿದ್ದ ಕಾಯಿಲೆಗಳು. ಕೊಲೆಸ್ಟ್ರಾಲ್ ಅನ್ನುವ ಮಾತು ಮಾತ್ರ ಯಾರಿಗಾದರೂ ಎದೆನೋವು ಬಂದು ಆಸ್ಪತ್ರೆ ಸೇರಿದ ಮೇಲೇ ಕಿವಿಗೆ ಬೀಳುತ್ತಿತ್ತು. ಜಾಲಹಳ್ಳಿಯ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳಿಗೆ ಶಿಫ್ಟಿನಲ್ಲಿ ಹೋಗಿಬರುವವರ ಬೀದಿ ನಮ್ಮದು. ಅಪ್ಪನೂ ಅವರಲ್ಲೊಬ್ಬರು. ಅವರಿಗೆ ಎದೆನೋವು ಬಂದಾಗ ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಮಾತ್ರೆಗಿಂತ ಪಥ್ಯವೇ ಜಾಸ್ತಿ ಇತ್ತು: ಸಿಗರೇಟು ಬಿಡಿ, ತುಪ್ಪ ಬಿಡಿ, ಮೊಟ್ಟೆಯ ಹಳದಿ ಮುಟ್ಟಬೇಡಿ.

ಅಮ್ಮ ಬೇಯಿಸಿದ ಮೊಟ್ಟೆಯನ್ನು ನೂಲಿನಿಂದ ಎರಡು ಹೋಳು ಮಾಡಿ, ಹಳದಿಯನ್ನು ಚಮಚದ ತುದಿಯಿಂದ ಎಬ್ಬಿಸಿ ನಮ್ಮ ತಟ್ಟೆಗೆ ಹಾಕುತ್ತಿದ್ದರು. ಉಳಿದ ಬಿಳಿಗೆ ಮೆಣಸಿನ ಪುಡಿ ಉದುರಿಸಿ ಅಪ್ಪನ ಮುಂದಿಡುತ್ತಿದ್ದರು. ಅದೇ ಅಡುಗೆಮನೆಯ ಗೂಡಿನಲ್ಲಿ ವನಸ್ಪತಿ ಡಬ್ಬ ಇತ್ತು. ಪೂರಿಗೂ ಅದೇ, ಹಬ್ಬದ ಸಿಹಿಗೂ ಅದೇ; ಬೇಕರಿಯ ಪಫ್ಫಿನಲ್ಲೂ ಅದೇ. ಗಿಡದ ಎಣ್ಣೆಯಿಂದ ಮಾಡಿದ್ದರಿಂದ ಅದರಲ್ಲಿ ಕೊಲೆಸ್ಟ್ರಾಲ್ ಇರಲಿಲ್ಲ. ಆದರೆ ಅದರ ತುಂಬ ಟ್ರಾನ್ಸ್ ಕೊಬ್ಬು ಇತ್ತು. ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸಿ, ಒಳ್ಳೆಯದನ್ನು ಇಳಿಸುವ ಕೊಬ್ಬು ಅದು.

ಮೊಟ್ಟೆಯ ಮೇಲಿನ ನಿರ್ಬಂಧ ಬಂದದ್ದು ಅಮೆರಿಕದಿಂದ. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬಾರದು ಎಂದು ಅಲ್ಲಿನ ಹಾರ್ಟ್ ಅಸೋಸಿಯೇಷನ್ 1968ರಲ್ಲಿ ಹೇಳಿತ್ತು. ಒಂದು ಮೊಟ್ಟೆಯ ಹಳದಿಯಲ್ಲೇ ಸುಮಾರು 200 ಮಿಲಿಗ್ರಾಂ ಇರುತ್ತದೆ. 2015ರ ಅಮೆರಿಕದ ಆಹಾರ ಮಾರ್ಗಸೂಚಿಯಲ್ಲಿ ಆ 300ರ ಗಡಿ ಇಲ್ಲ. ನಮ್ಮ ಮೈಯ ಕೊಲೆಸ್ಟ್ರಾಲಿನ ಬಹುಪಾಲನ್ನು ಮೈಯೇ ತಯಾರಿಸುತ್ತದೆ, ಅದರಲ್ಲಿ ಲಿವರಿನದು ದೊಡ್ಡ ಪಾತ್ರ. ಊಟದಿಂದ ಹೆಚ್ಚು ಬಂದರೆ ಲಿವರ್ ತನ್ನ ತಯಾರಿಕೆಯನ್ನು ತಗ್ಗಿಸುತ್ತದೆ. ಹಾಗಾಗಿ ಹೆಚ್ಚಿನವರಿಗೆ ಮೊಟ್ಟೆಯಿಂದ ರಕ್ತದ ಲೆಕ್ಕ ಅಷ್ಟಾಗಿ ಏರುವುದಿಲ್ಲ, ಕೆಲವರಿಗೆ ಏರುತ್ತದೆ. ತುಪ್ಪ, ಪಾಮ್ ಎಣ್ಣೆಗಳಲ್ಲಿರುವ ಸ್ಯಾಚುರೇಟೆಡ್ ಕೊಬ್ಬಿನದು ಇನ್ನೂ ಜೋರಾದ ಪರಿಣಾಮ. ರಕ್ತದಿಂದ ಕೆಟ್ಟ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುವ ಲಿವರಿನ ಶಕ್ತಿಯನ್ನೇ ಅದು ಕುಗ್ಗಿಸುತ್ತದೆ. ಹೀಗೆ ಎಳೆದುಕೊಳ್ಳುವ ಗ್ರಾಹಕಗಳನ್ನು (ರಿಸೆಪ್ಟರ್) ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೆಲಸ ಮಾಡುವುದೂ ಲಿವರಿನಲ್ಲೇ. ಜಪಾನಿನ ಅಕಿರಾ ಎಂಡೊ 1973ರಲ್ಲಿ ಬೂಷ್ಟಿನಿಂದ ಮೊದಲ ಸ್ಟ್ಯಾಟಿನ್ ತೆಗೆದರು. ಅಮೆರಿಕ 1987ರಲ್ಲಿ ಲೊವಾಸ್ಟ್ಯಾಟಿನ್‌ಗೆ ಒಪ್ಪಿಗೆ ಕೊಟ್ಟಿತು. ಇನ್ನೊಂದು ಸ್ಟ್ಯಾಟಿನ್ ಕೊಟ್ಟು 4,444 ಹೃದ್ರೋಗಿಗಳ ಮೇಲೆ ನಡೆದ ಸ್ಕ್ಯಾಂಡಿನೇವಿಯಾದ ಪರೀಕ್ಷೆಯಲ್ಲಿ ಸಾವುಗಳು ಶೇ. 30ರಷ್ಟು ತಗ್ಗಿದ್ದು 1994ರಲ್ಲಿ ಪ್ರಕಟವಾಯಿತು. ಲೊವಾಸ್ಟ್ಯಾಟಿನ್ ತಯಾರಿಸಲು ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2001ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ ಒಪ್ಪಿಗೆ ಪಡೆಯಿತು. ಅಷ್ಟರಲ್ಲಿ ಅಪ್ಪ ಇರಲಿಲ್ಲ.

ಈಗ ಸ್ಟ್ಯಾಟಿನ್ ಮಾತ್ರೆಯನ್ನು ರಾತ್ರಿ ಊಟದ ಮೇಲೆ ನಾನು ನುಂಗುತ್ತೇನೆ. ಅದು ಲಿವರಿನ ತಯಾರಿಕೆಗೆ ಅಡ್ಡ ನಿಲ್ಲುತ್ತದೆ. ಕೊಲೆಸ್ಟ್ರಾಲ್ ಕೊರತೆಯಾದ ಲಿವರ್ ಹೆಚ್ಚು ಗ್ರಾಹಕಗಳನ್ನು ಹೊರಡಿಸಿ ರಕ್ತದಿಂದ ಎಳೆದುಕೊಳ್ಳುತ್ತದೆ. ಮೈಯೂ ಸುಮ್ಮನಿರುವುದಿಲ್ಲ, ಕರುಳಿನಿಂದ ಸ್ವಲ್ಪ ಹೆಚ್ಚು ಹೀರಿಕೊಳ್ಳತೊಡಗುತ್ತದೆ. ಮಾತ್ರೆಯ ಪ್ರಮಾಣ ಇಮ್ಮಡಿ ಮಾಡಿದರೂ ಕೆಟ್ಟ ಕೊಲೆಸ್ಟ್ರಾಲ್ ಮತ್ತೆ ಸುಮಾರು ಶೇ. 6ರಷ್ಟೇ ಇಳಿಯುತ್ತದೆ. ಸಾಲದಿದ್ದರೆ ಡಾಕ್ಟರು ಕರುಳಿನ ಹೀರಿಕೆ ತಡೆಯುವ ಎಜೆಟಿಮೈಬ್ ಸೇರಿಸುತ್ತಾರೆ.

ಮತ್ತಿಕೆರೆಯ ಜೆ.ಪಿ. ಪಾರ್ಕಿನಲ್ಲಿ ಬೆಳಗ್ಗೆ ವಾಕಿಂಗ್ ಬರುವವರು ಹೇಳುವ ಎರಡು ಮಾತು ನನಗೆ ನಿಜಕ್ಕೂ ಚಿಂತೆ ತರುತ್ತವೆ. ‘ಮಾತ್ರೆ ಇದೆಯಲ್ಲ, ಏನು ಬೇಕಾದರೂ ತಿನ್ನಬಹುದು’ ಒಂದು. ‘ರಿಪೋರ್ಟ್ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ’ ಇನ್ನೊಂದು. ಎರಡೂ ತಪ್ಪು. ಬೇಕಾದ್ದೆಲ್ಲ ತಿಂದು ಮಾತ್ರೆ ಇಮ್ಮಡಿ ಮಾಡಿದರೂ ಇಳಿಯುವುದು ಅಷ್ಟೇ. ನಾರ್ಮಲ್ ಬಂದದ್ದು ಮಾತ್ರೆಯಿಂದ; ಬಿಟ್ಟರೆ ಕೆಲವೇ ವಾರಗಳಲ್ಲಿ ಲಿವರ್ ಹಳೆಯ ಲೆಕ್ಕಕ್ಕೆ ಮರಳುತ್ತದೆ.

ನಮ್ಮ ದೇಶದಲ್ಲಿ 2022ರಿಂದ ಎಣ್ಣೆ, ವನಸ್ಪತಿಗಳಲ್ಲಿ ಟ್ರಾನ್ಸ್ ಕೊಬ್ಬು ಶೇ. 2 ಮೀರುವಂತಿಲ್ಲ. ಪಾಮ್ ಎಣ್ಣೆಯಲ್ಲಿ ಮಾತ್ರ ಇಂದಿಗೂ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ‘ಕೊಲೆಸ್ಟ್ರಾಲ್ ಮುಕ್ತ’ ಎಂಬ ದೊಡ್ಡ ಅಕ್ಷರ ನಂಬಿ ಪ್ಯಾಕೆಟ್ ಕೊಳ್ಳಬೇಡಿ. ಹಿಂಬದಿಯಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ನೋಡಿ. ಮಾತ್ರೆ ತೆಗೆದುಕೊಂಡ ಮೇಲೆ ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ.