ಹೀಲಲಿಗೆಯಿಂದ ಸುಮನಹಳ್ಳಿಗೆ

ಹೊಸೂರು ಕಡೆಯಿಂದ ಯಶವಂತಪುರಕ್ಕೆ ಹೋಗುವ ರೈಲನ್ನು ಹೀಲಲಿಗೆಯಲ್ಲಿ ಹತ್ತಿದೆವು, ನಾನು ಮತ್ತು ನನ್ನ ಅಕ್ಕನ ಮಗಳು. ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಕೈತುಂಬ ಸಂಬಳ. ಕ್ರಿಸ್ಮಸ್‌ಗೆ ಊರಿಗೆ ಬಂದಾಗ ಅಕ್ಕ ಮದುವೆಯ ಮಾತೆತ್ತಿದ್ದಳು. ‘ಬೇಡಮ್ಮ, ನಾನು ಕನ್ಯಾಮಠಕ್ಕೆ ಸೇರ್ತೀನಿ’ ಅಂದುಬಿಟ್ಟಳು ಹುಡುಗಿ. ಅಂದಿನಿಂದ ಆ ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿಲ್ಲ. ‘ನೀನೇ ಒಂದು ಮಾತು ಹೇಳಿ ನೋಡು’ ಎಂದು ಅಕ್ಕ ನನಗೆ ಒಪ್ಪಿಸಿದಳು. ಬುದ್ಧಿ ಹೇಳುವುದಕ್ಕಿಂತ, ಹಾಗೆ ಬದುಕು ಕೊಟ್ಟವರ ಜಾಗಗಳನ್ನು ಅವಳ ಜೊತೆ ಹೋಗಿ ನೋಡುವುದೇ ಮೇಲು ಅನ್ನಿಸಿತು.

ನಮ್ಮಂಥ ಕನ್ನಡ ಕ್ರೈಸ್ತ ಮನೆಗಳಿಗೆ ಮಕ್ಕಳು ಮಠ ಸೇರುವುದು ಹೊಸ ಸುದ್ದಿಯೇನಲ್ಲ. ಕನಕಪುರ ತಾಲ್ಲೂಕಿನ ಹಾರೋಬೆಲೆಯಂಥ ಊರುಗಳಿಂದ ಗುರುಗಳಾಗಿ, ಕನ್ಯಾಸ್ತ್ರೀಯರಾಗಿ ಹೋದವರು ಬಹಳ. ಆದರೆ ಅವರಲ್ಲಿ ಎಷ್ಟೋ ಜನ ಹೊಲಗದ್ದೆಯ ಮನೆಗಳಿಂದ, ಚಿಕ್ಕ ವಯಸ್ಸಿನಲ್ಲಿ ಹೊರಟವರು. ಇವಳು ಹೊರಡುತ್ತಿರುವುದು ಬೇರೆಯೇ ಲೋಕದಿಂದ. 1978ರಲ್ಲಿ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಕಟ್ಟಲು ಹೊರಟಾಗ ನಗುವವರೇ ಹೆಚ್ಚಿದ್ದಿರಬೇಕು. ಈಗ ದೇಶದ ಮೂಲೆಮೂಲೆಯ ಮಕ್ಕಳು ಅಲ್ಲಿಗೆ ಬಂದು ಸೇರುತ್ತಾರೆ. ನಮ್ಮ ಬೋಗಿಯಲ್ಲೂ ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡವರೇ ತುಂಬಿದ್ದರು. ಪಕ್ಕದ ಸೀಟಿನ ಇಬ್ಬರು ಯಾವ ಕಂಪನಿ ಎಷ್ಟು ಹೈಕ್ ಕೊಡುತ್ತದೆಂದು ಲೆಕ್ಕ ಹಾಕುತ್ತಿದ್ದರು.

ಮುಂದಿನ ನಿಲ್ದಾಣ ಕಾರ್ಮೆಲಾರಾಮ್. ಸರ್ಜಾಪುರ ರಸ್ತೆಗೂ ವೈಟ್‌ಫೀಲ್ಡ್ ಕಡೆಗೂ ಹೋಗುವವರು ಇಳಿದು ಆಟೊ ಹಿಡಿಯಲು ಓಡುತ್ತಾರೆ. ಇಲ್ಲಿ ಕಾರ್ಮೆಲ್ ಸಭೆಯ ಸನ್ಯಾಸಿಗಳ ಮಠವಿದೆ, ದೈವಶಾಸ್ತ್ರ ಕಲಿಸುವ ಕಾಲೇಜಿದೆ. ನಿಲ್ದಾಣಕ್ಕೆ ಹೆಸರು ಬಂದದ್ದು ಆ ಮಠದಿಂದಲೇ. 1562ರಲ್ಲಿ ಸ್ಪೇನಿನ ಆವಿಲಾದಲ್ಲಿ ಸಂತ ತೆರೇಸಾ ಶುರುಮಾಡಿದ ಸುಧಾರಣೆಯ ಶಾಖೆ ಇವರದು. ದಿನಕ್ಕೆ ಎರಡು ಗಂಟೆ ಮೌನಪ್ರಾರ್ಥನೆ ಆಕೆ ಹಾಕಿಕೊಟ್ಟ ಕ್ರಮ. ನಾವೂ ಇಳಿದು ಮಠದ ಪ್ರಾರ್ಥನಾಲಯದಲ್ಲಿ ಕೂತೆವು. ಹೊರಗೆ ಕಾಂಕ್ರೀಟ್ ಲಾರಿಗಳ ಸದ್ದು ನಿಂತಿರಲಿಲ್ಲ. ಹುಡುಗಿ ಕಣ್ಣು ಮುಚ್ಚಿದವಳು ಬಹಳ ಹೊತ್ತು ತೆರೆಯಲಿಲ್ಲ. ಯಾವ ಸದ್ದೂ ಅವಳನ್ನು ತಟ್ಟಿದಂತೆ ಕಾಣಲಿಲ್ಲ.

ಹೊರಗೆ ಬಂದು ಮರದ ಕೆಳಗೆ ಕೂತಾಗ ಅವಳೇ ಮಾತು ತೆಗೆದಳು. ‘ಮಾವ, ಮಂಗಳೂರಿನ ಮರಿಯಂ ಗೊತ್ತಾ ನಿಮಗೆ?’

ಗೊತ್ತಿತ್ತು. ಆದರೂ ಅವಳ ಬಾಯಿಂದ ಕೇಳಬೇಕೆನಿಸಿತು. ಮರಿಯಂ ಬವಾರ್ದಿ 1846ರಲ್ಲಿ ಗಲಿಲೇಯ ಸೀಮೆಯ ಇಬಿಲ್ಲಿನ್‌ನಲ್ಲಿ ಹುಟ್ಟಿದ ಅರಬ್ ಹುಡುಗಿ. ಎಳವೆಯಲ್ಲೇ ತಂದೆತಾಯಿ ತೀರಿಕೊಂಡರು. ಮನೆಗೆಲಸ ಮಾಡುತ್ತ ಊರಿಂದೂರಿಗೆ ಅಲೆದು, ಕೊನೆಗೆ ಫ್ರಾನ್ಸಿನ ಪೋ ಪಟ್ಟಣದ ಕಾರ್ಮೆಲ್ ಮಠ ಸೇರಿದಳು. ಓದುಬರಹ ಅಷ್ಟಕ್ಕಷ್ಟೆ. 1870ರಲ್ಲಿ ಮಂಗಳೂರಿನಲ್ಲಿ ಕಾರ್ಮೆಲ್ ಕನ್ಯಾಮಠ ಸ್ಥಾಪಿಸಲು ಹೊರಟ ತಂಡದಲ್ಲಿ ಅವಳೂ ಇದ್ದಳು. ಆ ಪ್ರಯಾಣದಲ್ಲೇ ಜೊತೆಯವರ ಸಾವು ಕಂಡಳು. 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತ ಸ್ವೀಕರಿಸಿದಳು. ಆಮೇಲೆ ಅವಳ ಆಧ್ಯಾತ್ಮಿಕ ಅನುಭವಗಳ ಮೇಲೆ ಸಂಶಯ ಹುಟ್ಟಿ, ಮರುವರ್ಷವೇ ಅವಳನ್ನು ಪೋಗೆ ವಾಪಸ್ ಕಳಿಸಲಾಯಿತು. ಅವಳು ವ್ರತ ಬಿಡಲಿಲ್ಲ. 1875ರಲ್ಲಿ ಬೆತ್ಲೆಹೇಮಿನಲ್ಲಿ ಇನ್ನೊಂದು ಕಾರ್ಮೆಲ್ ಕಟ್ಟಲು ನಿಂತಳು. ಕಟ್ಟಡದ ಕೆಲಸಗಾರರಿಗೆ ಕುಡಿಯುವ ನೀರು ಒಯ್ಯುವಾಗ ಬಿದ್ದು ಕೈ ಮುರಿಯಿತು, ಗ್ಯಾಂಗ್ರೀನ್ ಆಯಿತು. 1878ರಲ್ಲಿ, 32ರ ವಯಸ್ಸಿನಲ್ಲಿ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವಳನ್ನು ಸಂತಳೆಂದು ಘೋಷಿಸಿದರು.

‘ಒಳಗಿನವರೇ ನಂಬದಿದ್ದಾಗಲೂ ಆಕೆ ಉಳಿದ್ಲಲ್ಲ ಮಾವ, ಅದು ನನಗೆ ಮುಖ್ಯ’ ಅಂದಳು. ಇವಳು ಈ ದಾರಿಯ ಸಿಹಿಯನ್ನಷ್ಟೇ ಓದಿಕೊಂಡು ಬಂದಿಲ್ಲ ಎಂಬುದು ನನಗೆ ಆಗ ತಿಳಿಯಿತು.

ಮುಂದಿನ ರೈಲಿನಲ್ಲಿ ನಮ್ಮ ಎದುರಿಗೆ ವಯಸ್ಸಾದ ಕನ್ಯಾಸ್ತ್ರೀಯೊಬ್ಬರು ಸಿಕ್ಕರು. ಬದುಕೆಲ್ಲ ನರ್ಸ್ ಆಗಿ ದುಡಿದವರು. ಬೆಳ್ಳಂದೂರು ದಾಟುವ ಹೊತ್ತಿಗೆ ಹುಡುಗಿ ತನ್ನ ವಿಷಯವನ್ನೆಲ್ಲ ಅವರ ಮುಂದೆ ಇಟ್ಟಾಗಿತ್ತು. ಅವರು ಹೊಗಳಲಿಲ್ಲ.

‘ಆತುರ ಮಾಡ್ಬೇಡ ಮಗಳೇ. ಸಭೆಯೂ ಆತುರ ಮಾಡೋದಿಲ್ಲ’ ಅಂದು, ದಾರಿಯನ್ನು ಒಂದೊಂದೇ ಮೆಟ್ಟಿಲಾಗಿ ವಿವರಿಸಿದರು. ಮೊದಲು ಜೊತೆಯಲ್ಲಿದ್ದು ನೋಡುವ ಕಾಲ. ಆಮೇಲೆ ಕಡಿಮೆಯೆಂದರೂ 12 ತಿಂಗಳ ನೊವಿಷಿಯೇಟ್, ಅಂದರೆ ಮಠದ ಬದುಕಿನ ತರಬೇತಿ. ಅದಾದ ಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ತಾತ್ಕಾಲಿಕ ವ್ರತ, ಅದೂ ಕನಿಷ್ಠ 3 ವರ್ಷ. ಅಷ್ಟಾದ ಮೇಲೆಯೇ ಜೀವನಪೂರ್ತಿಯ ವ್ರತ. ನಡುವೆ ಬೇಡವೆನಿಸಿದರೆ ಮನೆಗೆ ಮರಳುವ ದಾರಿಯಿದೆ, ಅದರಲ್ಲಿ ಅವಮಾನವಿಲ್ಲ.

‘ವ್ರತ ತಗೊಳ್ಳೋ ದಿನ ಕಷ್ಟ ಇರೋದಿಲ್ಲ. ಹೂವು, ಹಾಡು, ಮನೆಯವರೆಲ್ಲ ಬಂದಿರ್ತಾರೆ. ಹತ್ತನೇ ವರ್ಷದ ಯಾವುದೋ ಒಂದು ಮಂಗಳವಾರ ಕಷ್ಟ ಇರುತ್ತೆ. ಹಬ್ಬ ಇಲ್ಲ, ಯಾರೂ ನೋಡ್ತಿಲ್ಲ, ಪ್ರಾರ್ಥನೇಲಿ ಮನಸ್ಸು ನಿಲ್ತಿಲ್ಲ, ವಾರ್ಡಿನಲ್ಲಿ ರೋಗಿ ಬೈತಿದ್ದಾನೆ. ಅವತ್ತೂ ಬೆಳಿಗ್ಗೆ ಏಳ್ತೀಯಲ್ಲ, ಅದೇ ನೀನು ದೇವರಿಗೆ ಕೊಡೋದು.’

ಬಾಣಸವಾಡಿಯಲ್ಲಿ ಇಳಿಯುವ ಮುನ್ನ ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಯಶವಂತಪುರದಿಂದ ಗೊರಗುಂಟೆಪಾಳ್ಯಕ್ಕೆ ಬಂದು, ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಲಗ್ಗೆರೆ ದಾಟಿ ಸುಮನಹಳ್ಳಿಗೆ ಹೋದೆವು. ಪೀಣ್ಯದ ಕಾರ್ಮಿಕರಿಗೆ ಸುಮನಹಳ್ಳಿ ಅಂದರೆ ಟ್ರಾಫಿಕ್ಕಿನ ಜಂಕ್ಷನ್, ಮೇಲ್ಸೇತುವೆ. ಮಾಗಡಿ ರಸ್ತೆಯ ಆ ಗದ್ದಲಕ್ಕೆ ತಾಗಿಕೊಂಡೇ ಕುಷ್ಠರೋಗಿಗಳ ಪುನರ್ವಸತಿ ಕೇಂದ್ರವಿದೆ. 1970ರ ದಶಕದ ಕೊನೆಯಲ್ಲಿ ರಾಜ್ಯ ಸರ್ಕಾರ ಭೂಮಿ ಕೊಟ್ಟು, ಬೆಂಗಳೂರಿನ ಕಥೋಲಿಕ ಮಹಾಧರ್ಮಪ್ರಾಂತ್ಯ ಜವಾಬ್ದಾರಿ ಹೊತ್ತು ಇದು ಶುರುವಾಯಿತು. ಆಗ ಇದು ಊರಾಚೆ. ಬೆಂಗಳೂರು ಬೆಳೆದು ಇದರ ಗೋಡೆಯನ್ನು ಸುತ್ತುವರಿದಿದೆ.

ಈ ರೋಗದ ಸಂಕಟ ಗಾಯಕ್ಕಿಂತ ದೊಡ್ಡದು. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಇದರ ರೋಗಾಣುವನ್ನು ಗುರುತಿಸಿದ. 1981ರಿಂದ ಬಹುಔಷಧ ಚಿಕಿತ್ಸೆ ಇದೆ. 6ರಿಂದ 12 ತಿಂಗಳು ಮಾತ್ರೆ ತೆಗೆದುಕೊಂಡರೆ ಗುಣವಾಗುತ್ತದೆ. ಆದರೂ 2019ರವರೆಗೆ ನಮ್ಮ ವೈಯಕ್ತಿಕ ಕಾನೂನುಗಳಲ್ಲಿ ಕುಷ್ಠರೋಗ ವಿಚ್ಛೇದನಕ್ಕೆ ಒಂದು ಕಾರಣವಾಗಿ ಉಳಿದಿತ್ತು. ಕೈಹಿಡಿದವರೇ ಬಿಟ್ಟು ಹೋಗಬಹುದಾಗಿದ್ದ ಜನರ ಬಳಿ, ಸಾಯುವವರೆಗೂ ಬಿಡುವುದಿಲ್ಲವೆಂದು ವ್ರತ ತೊಟ್ಟವರು ಬಂದು ನೆಲೆಸಿದರು.

ರೋಗ ಗುಣವಾದರೂ ಸತ್ತ ನರಗಳು ಮತ್ತೆ ಹುಟ್ಟುವುದಿಲ್ಲ. ಅಂಗಾಲಿಗೆ ಮುಳ್ಳು ಚುಚ್ಚಿದರೂ ನೋವು ತಿಳಿಯದು. ನೋವು ತಿಳಿಯದ್ದರಿಂದಲೇ ಗಾಯ ಆಳವಾಗುತ್ತದೆ. ಹಾಗಾಗಿ ದಿನವೂ ಪಾದವನ್ನು ನೀರಲ್ಲಿ ನೆನೆಸಬೇಕು, ಒರಟು ಚರ್ಮ ತೆಗೆಯಬೇಕು, ಎಣ್ಣೆ ಹಚ್ಚಬೇಕು, ಬೆರಳ ಸಂದುಗಳನ್ನು ಕಣ್ಣಿಟ್ಟು ನೋಡಬೇಕು, ಮೆತ್ತನೆಯ ರಬ್ಬರಿನ ಎಂ.ಸಿ.ಆರ್. ಚಪ್ಪಲಿ ಹಾಕಿಸಬೇಕು. ಪವಿತ್ರ ಗುರುವಾರ ನಮ್ಮ ದೇವಾಲಯಗಳಲ್ಲಿ ಗುರುಗಳು ಹನ್ನೆರಡು ಜನರ ಪಾದ ತೊಳೆಯುತ್ತಾರೆ, ಪ್ರಭು ಯೇಸು ಶಿಷ್ಯರಿಗೆ ಮಾಡಿದ್ದರ ನೆನಪಿಗೆ. ವರ್ಷಕ್ಕೊಮ್ಮೆ ಅದನ್ನು ನೋಡಿ ನಾವು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಇಲ್ಲಿ ಅದು ಸೋಮವಾರವೂ ಉಂಟು, ಮಂಗಳವಾರವೂ ಉಂಟು. ರೈಲಿನಲ್ಲಿ ಸಿಕ್ಕ ಸಿಸ್ಟರ್ ಹೇಳಿದ್ದರ ಅರ್ಥ ನನಗೆ ಪೂರ್ತಿಯಾದದ್ದು ಇಲ್ಲಿ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಅಕ್ಕನ ಪರವಾಗಿ ಕೇಳಬೇಕಾದ್ದನ್ನು ಕೇಳಿದೆ. ‘ಇದನ್ನೆಲ್ಲ ಮದುವೆಯಾಗಿ, ಕೆಲಸದಲ್ಲಿದ್ದುಕೊಂಡೇ ಮಾಡಬಾರದಾ? ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆಯಲ್ಲ, ಪಾವಿತ್ರ್ಯದ ಕರೆ ಎಲ್ಲರಿಗೂ ಇದೆ ಅಂತ?’

‘ಖಂಡಿತ ಮಾಡಬಹುದು ಮಾವ. ಅಮ್ಮ ಮಾಡಿದ್ದು ಅದೇ ಅಲ್ವಾ? ಅಜ್ಜಿ ಹಾಸಿಗೆ ಹಿಡಿದಾಗ ಕೊನೇವರೆಗೂ ನೋಡ್ಕೊಂಡ್ಲು. ನಾನೂ ಶನಿವಾರ ಶನಿವಾರ ಒಂದು ಆಶ್ರಮಕ್ಕೆ ಹೋಗ್ತಿದ್ದೀನಿ. ಆದ್ರೆ ನನಗೆ ಶನಿವಾರ ಮಾತ್ರ ಕೊಟ್ಟು ಸಮಾಧಾನ ಆಗ್ತಿಲ್ಲ.’

ಇದಕ್ಕೆ ನನ್ನಲ್ಲಿ ಎದುರುಮಾತಿರಲಿಲ್ಲ. ಮದುವೆಯಾಗುವುದೂ ದೇವರ ಕೊಡುಗೆಯೇ. ಅದನ್ನು ಕೀಳೆಂದು ಬಿಟ್ಟು ಹೊರಡುವವಳಾಗಿದ್ದರೆ ಅಲ್ಲೇ ತಡೆಯುತ್ತಿದ್ದೆ. ತಾಯಿಯ ಬದುಕಿನಲ್ಲೂ ಅದೇ ಸಮರ್ಪಣೆಯನ್ನು ಕಂಡು, ತನಗೆ ಬೇರೆ ದಾರಿ ಎಂದು ತಿಳಿದವಳು ಇವಳು.

ಪೀಣ್ಯಕ್ಕೆ ಬರುವಾಗ ಕಾರ್ಖಾನೆಗಳಲ್ಲಿ ಪಾಳಿ ಬದಲಾಗುತ್ತಿತ್ತು. ಅವಳನ್ನು ಮೆಟ್ರೊ ಹತ್ತಿಸಿ ಅಕ್ಕನಿಗೆ ಫೋನ್ ಮಾಡಿದೆ.

‘ಏನಂದ್ಲೋ?’ ಅಂದಳು.

‘ಅಕ್ಕಾ, ಅವಳು ಯಾವುದಕ್ಕೂ ಹೆದರಿ ಓಡ್ತಿಲ್ಲ. ಒಪ್ಪಿಗೆ ನಾಳೆಯೇ ಕೊಡಬೇಕಿಲ್ಲ, ಸಭೆಯೇ ವರ್ಷಗಟ್ಟಲೆ ಪರೀಕ್ಷೆ ಮಾಡುತ್ತೆ. ಅಷ್ಟರವರೆಗೆ ನೀನು ಮಾಡಬೇಕಾದ್ದು ಒಂದೇ. ಒಂದು ವೇಳೆ ವಾಪಸ್ ಬಂದ್ರೆ ಬಾಗಿಲು ತೆಗೆದಿಡು, ಬರದಿದ್ರೆ ಪ್ರಾರ್ಥನೆ ಮಾಡು. ಸಾಕಷ್ಟು ಒಳ್ಳೆಯದನ್ನೇ ಅವಳು ನಿನ್ನಿಂದ ಕಲಿತಿದ್ದಾಳೆ.’