ಬಿಸಿಲಿನ ಗಾಯಕ್ಕೆ ಬಿಳುಪಿನ ಲೇಪ

ಬೆಂಗಳೂರಿನ ತಂಪು ನಮ್ಮನ್ನು ಮೋಸಗೊಳಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಿನಲ್ಲಿ ಗಾಳಿ ತಣ್ಣಗಿದ್ದರೂ ಬಿಸಿಲಿನ ನೇರಳಾತೀತ ಕಿರಣಗಳು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಹೆಬ್ಬಾಳದಲ್ಲಿ ಬಸ್ಸಿಗೆ ಕಾಯುವವರು, ಯಶವಂತಪುರದ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು, ಯಲಹಂಕದಲ್ಲಿ ಹಣ್ಣಿನ ಗಾಡಿ ತಳ್ಳುವವರು ನಾವು. ನಲವತ್ತು ದಾಟುವಷ್ಟರಲ್ಲಿ ಮುಖದಲ್ಲಿ ಸುಕ್ಕು, ಕಂದು ಕಲೆ ಕಾಣುತ್ತವೆ. ಎಲ್ಲವೂ ವಯಸ್ಸಿನದಲ್ಲ. ತೋಳಿನ ಒಳಭಾಗ ನೋಡಿಕೊಂಡರೆ ತಿಳಿಯುತ್ತದೆ. ಅದಕ್ಕೂ ಮುಖಕ್ಕೂ ವಯಸ್ಸು ಒಂದೇ.

ಇದಕ್ಕೆ ಔಷಧಿಯಿದೆ. 'ಎ' ಜೀವಸತ್ವದ ಬಳಗದ ಟ್ರೆಟಿನಾಯಿನ್ 1971ರಲ್ಲಿ ಅಮೆರಿಕದಲ್ಲಿ ಮೊಡವೆಗೆಂದು ಬಂತು. 1995ರಲ್ಲಿ ಬಿಸಿಲಿಗೆ ಬಾಡಿದ ಚರ್ಮಕ್ಕೂ ಒಪ್ಪಿಗೆ ಪಡೆಯಿತು. ರಾತ್ರಿ ಬಟಾಣಿ ಕಾಳಿನಷ್ಟು ಹಚ್ಚಬೇಕು. ಮೊದಮೊದಲು ಚರ್ಮ ಕೆಂಪಾಗಿ ಸುಲಿಯುತ್ತದೆ, ಗುಣ ಕಾಣಲು ತಿಂಗಳುಗಳೇ ಬೇಕು. ಹಗಲಲ್ಲಿ ಸನ್‌ಸ್ಕ್ರೀನ್ ಕಡ್ಡಾಯ. ಗರ್ಭಿಣಿಯರು ಹಚ್ಚಬಾರದು.

ಆದರೆ ಆರ್.ಟಿ. ನಗರದ ಗಲ್ಲಿಗಳಲ್ಲಿ ಮದುವೆಯ ಮಾತು ಬಂದಾಗ ಕೇಳುವ ಪ್ರಶ್ನೆ ಬೇರೆ: "ಲಡ್ಕಿ ಗೋರೀ ಹೈ ಕ್ಯಾ?" ಆ ಪ್ರಶ್ನೆಗೆ ಹೆದರಿದ ಹುಡುಗಿಯರು ಕೊಳ್ಳುವ ಟ್ಯೂಬಿನಲ್ಲಿ ಟ್ರೆಟಿನಾಯಿನ್ ಜೊತೆ ಹೈಡ್ರೋಕ್ವಿನೋನ್ ಮತ್ತು ಸ್ಟೀರಾಯ್ಡ್ ಇರುತ್ತವೆ. ಇಂಥ ಮೂರರ ಮಿಶ್ರಣವನ್ನು ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ 1975ರಲ್ಲಿ ಪ್ರಕಟಿಸಿದರು. ಬಂಗಿಗೆ ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ಹಚ್ಚುವ ಮದ್ದು ಅದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ರಕ್ತನಾಳಗಳು ಕಾಣುತ್ತವೆ, ಮುಖದಲ್ಲಿ ಕೂದಲು ಬೆಳೆಯುತ್ತದೆ, ನಿಲ್ಲಿಸಿದರೆ ಉರಿ. ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸರಕಾರ 2018ರಲ್ಲಿ ನಿಯಮ ಬಿಗಿ ಮಾಡಿತು. ಚೀಟಿ ಕೇಳದ ಅಂಗಡಿಗಳು ಮಾತ್ರ ಮುಚ್ಚಿಲ್ಲ.

ಇದೇ ಕ್ಲಿಗ್‌ಮನ್ 1951ರಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಮೇಲೆ ಪ್ರಯೋಗ ನಡೆಸಿದರು. ಟ್ರೆಟಿನಾಯಿನ್ನೂ ಅವುಗಳಲ್ಲೊಂದು. ಕೈದಿಗಳಲ್ಲಿ ಹೆಚ್ಚಿನವರು ಕರಿಯರು. ನಗರಾಡಳಿತ ಕ್ಷಮೆ ಕೇಳಿದ್ದು 2022ರಲ್ಲಿ. ಅವರ ಚರ್ಮದ ಮೇಲೆ ಪರೀಕ್ಷೆಯಾದ ಮದ್ದನ್ನು ಇಂದು ನಮ್ಮ ಮನೆಗಳಲ್ಲಿ ಬಿಳುಪಿಗಾಗಿ ಬಳಸಲಾಗುತ್ತಿದೆ.

ಇಸ್ಲಾಮಿನ ಮೊದಲ ಅಝಾನ್ ಕೊಟ್ಟವರು ಕಪ್ಪು ವರ್ಣದ ಹಝ್ರತ್ ಬಿಲಾಲ್(ರ). ಆ ಹೆಸರನ್ನು ನಾವು ಮಕ್ಕಳಿಗೆ ಅಕ್ಕರೆಯಿಂದ ಇಡುತ್ತೇವೆ, ಸೊಸೆ ಹುಡುಕುವಾಗ ಮರೆಯುತ್ತೇವೆ. ದೇಹ ಅಲ್ಲಾಹನ ಅಮಾನತ್. ಬಿಸಿಲಿನಿಂದಾದ ಗಾಯಕ್ಕೆ ಮದ್ದು ಮಾಡುವುದು ಆ ಅಮಾನತ್ತಿನ ಕಾಳಜಿಯೇ. ಅವನೇ ಕೊಟ್ಟ ಬಣ್ಣಕ್ಕೆ ಮದ್ದೇಕೆ? ಹೆಣ್ಣು ನೋಡಲು ಹೋದ ಮನೆಯಲ್ಲಿ ಆ ಪ್ರಶ್ನೆ ಕೇಳುವುದನ್ನು ಮೊದಲು ನಾವು ಬಿಡೋಣ.