ಗೊಲಮ್‌ನ ಗಂಟಲು

ಉಂಗುರ ತೊಟ್ಟೊಡನೆ ಮನುಷ್ಯ ಮಾಯವಾಗಬೇಕು. ಸಿನಿಮಾದವರಾದರೆ ಏನಾದರೊಂದು ತಂತ್ರ ಹೂಡಿ ಅದನ್ನು ತೋರಿಸಿಬಿಡುತ್ತಾರೆ. ಬಾನುಲಿ ನಾಟಕದವರ ಫಜೀತಿಯೇ ಬೇರೆ: ಅವರಲ್ಲಿ ಎಲ್ಲ ಪಾತ್ರಗಳೂ ಮೊದಲಿನಿಂದಲೇ ಅದೃಶ್ಯ! ಜೆ.ಆರ್.ಆರ್. ಟಾಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಕಾದಂಬರಿಯನ್ನು ಕಿವಿಗೆ ಇಳಿಸಲು ಹೊರಟವರಿಗೆ ಇಂಥ ಕಷ್ಟಗಳು ಹೆಜ್ಜೆಗೊಂದು. ಒಂಬತ್ತು ಜನ ಒಟ್ಟಿಗೆ ದಾರಿ ನಡೆಯುವಾಗ ಬಾಯಿ ಬಿಡದವನು ಅಲ್ಲಿ ಇಲ್ಲವೆಂದೇ ಲೆಕ್ಕ. ಹಾಗಾಗಿ ಆಗಾಗ ಯಾರಾದರೂ ಯಾರದಾದರೂ ಹೆಸರು ಹಿಡಿದು ಕರೆಯಲೇಬೇಕು, ಕೇಳುಗನಿಗೆ ಅದರ ಸುಳಿವು ಹತ್ತಬಾರದು.

ಬಿಬಿಸಿ ಈ ಸಾಹಸಕ್ಕೆ ಮೊದಲು ಕೈ ಹಾಕಿದ್ದು 1955ರಲ್ಲಿ. ಟೆರೆನ್ಸ್ ಟಿಲ್ಲರ್ ಮಾಡಿದ ಆ ರೂಪಾಂತರ ಟಾಲ್ಕಿನ್‌ರಿಗೆ ಹಿಡಿಸಲಿಲ್ಲ.

ರೇಡಿಯೊ 4ರಲ್ಲಿ 1981ರ ಮಾರ್ಚ್ 8ರಂದು ಶುರುವಾದ ಸರಣಿಯ ಮಾತೇ ಬೇರೆ. ಅರ್ಧರ್ಧ ಗಂಟೆಯ 26 ಕಂತುಗಳು. ಬ್ರಿಯನ್ ಸಿಬ್ಲಿ ಮತ್ತು ಮೈಕೆಲ್ ಬೇಕ್‌ವೆಲ್ ಬರೆದ ನಾಟಕಕ್ಕೆ ಸ್ಟೀಫನ್ ಆಲಿವರ್ ಸಂಗೀತ ಕೊಟ್ಟರು. ಉಂಗುರ ಹೊತ್ತು ನಡೆಯುವ ಫ್ರೋಡೊ ಆಗಿದ್ದವರು ಇಯಾನ್ ಹೋಮ್. ಇಪ್ಪತ್ತು ವರ್ಷಗಳ ಬಳಿಕ ಪೀಟರ್ ಜಾಕ್ಸನ್‌ರ ಸಿನಿಮಾದಲ್ಲಿ ಫ್ರೋಡೊನ ಮುದಿ ಬಂಧು ಬಿಲ್ಬೋ ಆಗಿ ಬಂದವರೂ ಅವರೇ. ಫ್ರೋಡೊನ ಸಂಗಡಿಗ ಸ್ಯಾಮ್‌ನ ಪಾತ್ರ ಬಿಲ್ ನೈ ಅವರದು. ಕಾಡಿನ ಟಾಮ್ ಬೊಂಬಡಿಲ್‌ನನ್ನು ಮಾತ್ರ ಪೂರ್ತಿ ಕೈಬಿಟ್ಟರು. ಅಭಿಮಾನಿಗಳು ಗೊಣಗಿದರೆ ಗೊಣಗಲಿ, ಕಥೆಯ ಓಟಕ್ಕೆ ಅದರಿಂದ ಒಳ್ಳೆಯದೇ ಆಯಿತು.

ಇಷ್ಟು ದೊಡ್ಡ ತಂಡದಲ್ಲಿ ಎಲ್ಲರನ್ನೂ ಮೀರಿಸಿ ನಿಲ್ಲುವವರು, ಉಂಗುರದ ಮೋಹಕ್ಕೆ ಸಿಕ್ಕಿ ಹಾಳಾದ ಗೊಲಮ್ ಆಗಿರುವ ಪೀಟರ್ ವುಡ್‌ಥಾರ್ಪ್. 1978ರ ರಾಲ್ಫ್ ಬಕ್ಷಿ ಅನಿಮೇಷನ್ ಚಿತ್ರದಲ್ಲೂ ಗೊಲಮ್‌ಗೆ ದನಿ ಕೊಟ್ಟಿದ್ದವರು ಇವರೇ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ, ನುಂಗಲಾಗದು, ಉಗುಳಲಾಗದು; ಆ ಒದ್ದಾಟದ ನಡುವೆಯೇ ಮಾತು ತೊಟ್ಟಿಕ್ಕುತ್ತದೆ. ಗೊಲಮ್‌ನೊಳಗಿನ ಇಬ್ಬರು ಒಬ್ಬರೊಡನೊಬ್ಬರು ವಾದಿಸುವಾಗ ಒಬ್ಬ ಗೋಗರೆಯುತ್ತಾನೆ, ಇನ್ನೊಬ್ಬ ಹಲ್ಲು ಮಸೆಯುತ್ತಾನೆ. ಇರುವುದು ಒಂದೇ ಬಾಯಿ ಎಂಬುದು ನೆನಪಾದಾಗ ಮೈ ಜುಮ್ಮೆನ್ನುತ್ತದೆ.

ಸರುಮಾನ್‌ನದು ಇನ್ನೊಂದು ಬಗೆ. ಕಾದಂಬರಿಯಲ್ಲಿ ಈ ಮಾಂತ್ರಿಕನ ದೊಡ್ಡ ಆಯುಧ ಅವನ ದನಿಯೇ. ಸೋತು ಗೋಪುರದ ಮೇಲೆ ನಿಂತಿದ್ದರೂ ಬರೀ ಮಾತಿನಿಂದ ಕೆಳಗಿದ್ದವರನ್ನು ಮರುಳು ಮಾಡುತ್ತಾನೆ. ಪುಟದ ಮೇಲೆ ಲೇಖಕ ಆ ದನಿಯನ್ನು ಬಣ್ಣಿಸಬಹುದು, ಅಷ್ಟೆ. ಪೀಟರ್ ಹೊವೆಲ್ ಅದನ್ನು ಆಡಿಯೇ ತೋರಿಸುತ್ತಾರೆ. ‘ಇವನು ಹೇಳುವುದರಲ್ಲೂ ಅರ್ಥವಿದೆಯಲ್ಲ’ ಎಂದು ಕೇಳುಗನ ಮನಸ್ಸೂ ಒಂದು ಗಳಿಗೆ ವಾಲುತ್ತದೆ.

ಪೆಲೆನರ್ ಬಯಲಿನ ಮಹಾಯುದ್ಧಕ್ಕೆ ಬಂದಾಗ ಬರೀ ಖಣಖಣ ಸದ್ದನ್ನು ನೆಚ್ಚದೆ ಹಾಡಿನ ಮೊರೆ ಹೋದರು. ತಾಳಮದ್ದಳೆಯಲ್ಲಿ ಭಾಗವತರು ಕಾಳಗವನ್ನು ಪದದಲ್ಲೇ ದಾಟಿಸುವುದನ್ನು ಕೇಳಿದವರಿಗೆ ಈ ಜಾಣತನ ಚೆನ್ನಾಗಿ ಅರ್ಥವಾಗುತ್ತದೆ.

ಈಗಿನವರ ದಾರಿ ಬೇರೆ. ಅಮೆರಿಕದ ಗ್ರಾಫಿಕ್ ಆಡಿಯೊ ಸಂಸ್ಥೆ ಬ್ರ್ಯಾಂಡನ್ ಸ್ಯಾಂಡರ್‌ಸನ್‌ರ ‘ದಿ ವೇ ಆಫ್ ಕಿಂಗ್ಸ್’ ಕಾದಂಬರಿಯನ್ನು ಐದು ಭಾಗಗಳಲ್ಲಿ ತಂದಿದೆ. ಮೂಲದ ಗದ್ಯದ ಬಹುಪಾಲು ನಿರೂಪಕನ ಬಾಯಲ್ಲಿ ಹಾಗೆಯೇ ಉಳಿಯುತ್ತದೆ. ದನಿಗಳೇ ಬೇರೆ ಬೇರೆ ಇರುವುದರಿಂದ ‘ಎಂದನು’, ‘ಎಂದಳು’ಗಳಿಗೆ ಕೆಲಸವಿಲ್ಲ. ಹಿಂದೆ ಸಂಗೀತ, ಗಾಳಿ, ಹೆಜ್ಜೆ ಸಪ್ಪಳ ಎಲ್ಲ ಉಂಟು. ಸಾವಿರ ಪುಟ ಓದಲು ಪುರಸೊತ್ತಿಲ್ಲದವರಿಗೆ ಇದು ಹಬ್ಬವೇ ಸರಿ. ಆದರೆ ಪ್ರತಿ ಕತ್ತಿಗೂ ಸದ್ದು, ಪ್ರತಿ ದುಃಖಕ್ಕೂ ಪಿಟೀಲು ಬೇಕಿರಲಿಲ್ಲ. ಈ ವಿಷಯದಲ್ಲಿ 1981ರ ಬಿಬಿಸಿಯವರ ಕೈ ಹಿಡಿತವೇ ಮೇಲು.

ಹೊಸದಾಗಿ ಕೇಳಲು ಕೂರುವವರು ಆ ಹಳೆಯ ಸರಣಿಯಿಂದಲೇ ಶುರು ಮಾಡಲಿ. ಆಡಿಯೊ ಪುಸ್ತಕಗಳನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವ ಚಟವಿದ್ದರೆ, ದಯವಿಟ್ಟು ಇಲ್ಲಿ ಮಾತ್ರ ಆ ಗುಂಡಿ ಒತ್ತಬೇಡಿ. ವುಡ್‌ಥಾರ್ಪ್ ಮಾತಿನ ಮಧ್ಯೆ ಉಸಿರು ಹಿಡಿದು ನಿಲ್ಲಿಸುವ ಎಡೆಗಳೆಲ್ಲ ಅದರಲ್ಲಿ ಹಾರಿಹೋಗುತ್ತವೆ.